ಟವೆಲ್ಲಿನ ಸಂದಿಗೊಂದಿ

ಹೋದ ಬೇಸಿಗೆಯಲ್ಲಿ ಕಡೂರಿನ ಭಾವನ ಮನೆಗೆ ಹೋದವನು, ಅವರ ಬೋರ್‌ವೆಲ್ ನೀರಿನಲ್ಲೇ ಕಾರು ತೊಳೆದು ಊಟಕ್ಕೆ ಕೂತೆ. ಹೇಗೂ ಬಿಸಿಲಿದೆ, ತಾನೇ ಒಣಗುತ್ತದೆ ಎಂಬ ಸೋಮಾರಿತನ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬಂದರೆ ಬಾನೆಟ್ ತುಂಬ ಬಿಳಿ ಉಂಗುರಗಳು. ಕಪ್ಪು ಕಾರು ಬೇರೆ. ಯಾರೋ ಸುಣ್ಣದ ನೀರು ಚಿಮುಕಿಸಿದ ಹಾಗಿತ್ತು.

ನಿಜಕ್ಕೂ ಅದು ಸುಣ್ಣದ ಬಳಗವೇ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ನೀರು ಆವಿಯಾಗಿ ಹೋದರೂ ಅವು ಎಲ್ಲಿಗೂ ಹೋಗುವುದಿಲ್ಲ. ಹಿಂದೆ ಉಳಿಯುವುದರಲ್ಲಿ ಮುಖ್ಯವಾದದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದಕಲ್ಲಿನಲ್ಲಿರುವ ವಸ್ತು. ಆದರೆ ಹನಿ ಕೂತ ಜಾಗವೆಲ್ಲ ಒಂದೇ ಸಮ ಬೆಳ್ಳಗಾಗದೆ ಅಂಚಿನಲ್ಲೇ ಏಕೆ ಉಂಗುರ ಕಟ್ಟಬೇಕು?

ಚಿಕ್ಕಮಗಳೂರಿನವನಾದ ನನಗೆ ಇದಕ್ಕೆ ಕಾಫಿಯ ಮೂಲಕವೇ ಉತ್ತರ ಸಿಕ್ಕಿದ್ದು ಖುಷಿ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗಲೂ ನಡುವೆ ತಿಳಿ, ಅಂಚಿನಲ್ಲಿ ಗಾಢ ಕಂದು. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದರ ಕಾರಣ ಬಿಡಿಸಿಟ್ಟರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡು ಅಲ್ಲಾಡದೆ ಕೂರುತ್ತದೆ. ನೀರು ಬೇಗ ಆರುವುದೂ ಅಲ್ಲೇ. ಆ ನಷ್ಟ ತುಂಬಲು ನಡುವಿನ ನೀರು ಅಂಚಿನ ಕಡೆಗೆ ಹರಿಯುತ್ತಲೇ ಇರುತ್ತದೆ, ಬರುವಾಗ ಕಾಫಿಯ ಕಣಗಳನ್ನೂ ಹೊತ್ತು ತಂದು ಅಲ್ಲಿ ಸುರಿಯುತ್ತದೆ. ಬಾನೆಟ್ಟಿನ ಉಂಗುರದಲ್ಲೂ ಬಹುಮಟ್ಟಿಗೆ ಇದೇ ಓಡಾಟ. ಹಾಗಾಗಿ ಹನಿ ಆರುವ ಮೊದಲೇ ಅದನ್ನು ಎತ್ತಿಬಿಡಬೇಕು. ಟವೆಲ್ಲಿನ ಕೆಲಸ ಅಷ್ಟೇ.

ನಾನು ತಂದ ಮೈಕ್ರೋಫೈಬರ್ ಟವೆಲ್ಲಿನ ಬೆಲೆ ಕೇಳಿ ಭಾವ ನಕ್ಕರು. “ಅಲ್ಲಪ್ಪ, ಒರೆಸೋ ಬಟ್ಟೆಗೆ ಇಷ್ಟು ದುಡ್ಡಾ? ಅದೂ ಪ್ಲಾಸ್ಟಿಕ್ಕು!” ಅವರ ಪ್ರಕಾರ ಹಳೇ ಪಂಚೆಯ ತುಂಡಿಗಿಂತ ದೊಡ್ಡದು ಯಾವುದೂ ಇಲ್ಲ. ಅವರ ಮಾತಿನಲ್ಲಿ ಒಂದು ಒಳ್ಳೆಯ ಪ್ರಶ್ನೆಯೇ ಅಡಗಿತ್ತು. ಹತ್ತಿಗೆ ನೀರೆಂದರೆ ಪ್ರೀತಿ, ಎಳೆಯೊಳಗೇ ನೀರು ಸೇರಿ ಉಬ್ಬುತ್ತದೆ. ಈ ಟವೆಲ್ಲಿನ ಪಾಲಿಯೆಸ್ಟರ್ ಎಳೆಯಾದರೋ ಬಹುಪಾಲು ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ನೀರು ಕುಡಿಯದ ಪ್ಲಾಸ್ಟಿಕ್ಕು ಒರೆಸುವುದು ಹೇಗೆ?

ದೀಪದ ಬತ್ತಿಯನ್ನು ನೆನಪಿಸಿಕೊಳ್ಳಿ. ಎಣ್ಣೆ ಮೇಲೇರುವುದು ಎಳೆಗಳ ನಡುವಿನ ಸಂದಿನಲ್ಲಿ. ಪಠ್ಯಪುಸ್ತಕದ ಲೋಮನಾಳ ಕ್ರಿಯೆ ಇದೇ. ಸಂದು ಕಿರಿದಾದಷ್ಟೂ ಸೆಳೆತ ಜಾಸ್ತಿ. ಶುದ್ಧ ಗಾಜಿನ ನಳಿಕೆಯ ತೂತು 1 ಮಿಲಿಮೀಟರ್ ಅಗಲ ಇದ್ದರೆ ನೀರು ಅದರಲ್ಲಿ ಸುಮಾರು 3 ಸೆಂಟಿಮೀಟರ್ ಏರುತ್ತದೆ. ಅದರ ಹತ್ತರಲ್ಲೊಂದು ಭಾಗದ ತೂತಾದರೆ 30 ಸೆಂಟಿಮೀಟರ್! ಎಳೆ ನವಿರಾದಷ್ಟೂ ಒಂದು ಹಿಡಿ ಬಟ್ಟೆಯಲ್ಲಿ ಇಂಥ ಸಂದುಗಳು ಹೆಚ್ಚು.

ಎಷ್ಟು ನವಿರು? 9,000 ಮೀಟರ್ ಎಳೆಯ ತೂಕ 1 ಗ್ರಾಮಿಗಿಂತ ಕಡಿಮೆ ಇದ್ದರೆ ಅದು ಮೈಕ್ರೋಫೈಬರ್. ಹಾಸನದಿಂದ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್, ಆ ದಾರಿಯುದ್ದಕ್ಕೂ ಎಳೆದು ಹಾಸಿದರೂ 7 ಗ್ರಾಂ ತೂಗದ ದಾರ! ಜಪಾನಿನ ಟೋರೆ ಕಂಪನಿಯ ಮಿಯೋಷಿ ಒಕಾಮೊಟೊ 1970ರ ಹೊತ್ತಿಗೆ ಇಂಥ ಎಳೆಗಳಿಂದ ಕೃತಕ ಸ್ವೇಡ್, ಅಂದರೆ ಮೆತ್ತನೆಯ ಚರ್ಮದಂಥ ಬಟ್ಟೆ ಮಾಡಿದ್ದರು. ಒರೆಸುವ ಬಟ್ಟೆಗೆ ಇನ್ನೊಂದು ಉಪಾಯ ಸೇರಿದೆ. ಅಡ್ಡ ಕೊಯ್ದ ಕಿತ್ತಳೆ ಹಣ್ಣಿನಂತೆ ಎಳೆಯನ್ನು ನೇಯ್ಗೆಗೆ ಮುಂಚೆ ಎರಡು ವಸ್ತುಗಳಿಂದ ಮಾಡುತ್ತಾರೆ. ತೊಳೆಗಳ ಜಾಗದಲ್ಲಿ ಪಾಲಿಯೆಸ್ಟರ್, ನಡುವಿನ ಬಿಳಿ ನಾರಿನ ಜಾಗದಲ್ಲಿ ನೈಲಾನ್. ಆಮೇಲೆ ತೊಳೆ ಬಿಡಿಸಿದ ಹಾಗೆ ಅದನ್ನು ಸೀಳುತ್ತಾರೆ. ಪೊಟ್ಟಣದ ಮೇಲಿನ 80:20, 70:30 ಎಂಬ ಅಂಕಿ ಈ ಎರಡರ ಪಾಲು. ಸರಿಯಾಗಿ ಸೀಳಿದ ಬಟ್ಟೆಯನ್ನು ಮುಟ್ಟಿದರೆ ತೋಟದಲ್ಲಿ ಕೆಲಸ ಮಾಡಿದ ಒರಟು ಅಂಗೈಗೆ ಪರಪರ ಅಂತ ಹಿಡಿದುಕೊಳ್ಳುತ್ತದೆ. ಜಾರಿಕೊಂಡು ಹೋದರೆ ಕೊಳ್ಳಬೇಡಿ.

ಪೊಟ್ಟಣದ ಮೇಲಿನ ಇನ್ನೊಂದು ಅಂಕಿ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಮಿನಲ್ಲಿ. ನಾನು ಮೊದಲು ಕೊಂಡ 40 ಸೆಂಟಿಮೀಟರ್ ಚೌಕದ ಟವೆಲ್ಲಿನ ಮೇಲೆ 800 ಎಂದಿತ್ತು. ಹಾಗಿದ್ದರೆ ಅದು 128 ಗ್ರಾಂ ತೂಗಬೇಕು. ಕಾಫಿಪುಡಿ ತೂಗುವ ಪುಟ್ಟ ತಕ್ಕಡಿಗೆ ಹಾಕಿದೆ, 65 ಗ್ರಾಂ! ಅದೀಗ ಚಕ್ರ ಒರೆಸುತ್ತಿದೆ. ತೂಕ ಜಾಸ್ತಿಯಾದಷ್ಟೂ ನೀರು ಹಿಡಿಯುವ ಜಾಗ ಜಾಸ್ತಿ, ನಿಜ. ಆದರೆ ನಮ್ಮ ಮಳೆಗಾಲದಲ್ಲಿ 1,200 ಜಿಎಸ್‌ಎಂ ಟವೆಲ್ ಒಣಗಿಸುವುದು ಕಂಬಳಿ ಒಣಗಿಸಿದಷ್ಟೇ ಕಷ್ಟ. 500-600ರದ್ದು ಎರಡು ಇಟ್ಟುಕೊಳ್ಳುವುದು ವಾಸಿ ಎಂಬುದು ನನ್ನ ಲೆಕ್ಕ.

ನೀರನ್ನು ಹಿಡಿಯುವ ಸಂದುಗಳೇ ಮರಳನ್ನೂ ಹಿಡಿಯುತ್ತವೆ ಎನ್ನುವುದು ಇದರ ಇನ್ನೊಂದು ಮುಖ. ಕಾರಿನ ಬಣ್ಣದ ಮೇಲಿನ ಪಾರದರ್ಶಕ ಲೇಪ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ತೆಳು. ಮರಳಿನಲ್ಲಿರುವ ಕ್ವಾರ್ಟ್ಜ್ ಖನಿಜ ಗಡಸಿನ 1ರಿಂದ 10ರ ಅಳತೆಯಲ್ಲಿ 7, ಚಾಕುವಿನ ಉಕ್ಕಿಗಿಂತ ಮೇಲು. ಟವೆಲ್ ಕೈಜಾರಿ ಅಂಗಳಕ್ಕೆ ಬಿತ್ತು, ಕೊಡವಿ ಮತ್ತೆ ಒರೆಸಿದೆವು ಅಂದರೆ ಉಜ್ಜುಕಾಗದದಿಂದ ಉಜ್ಜಿದ ಹಾಗೆ. ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರಬಲೆಯಂತೆ ಕಾಣುವ ಸುತ್ತುಗೆರೆಗಳು ಹೀಗೇ ಬಂದವು. ಬಿದ್ದ ಟವೆಲ್ ಒಗೆಯುವವರೆಗೆ ಕಾರು ಮುಟ್ಟಕೂಡದು. ಒರೆಸುವಾಗಲೂ ತಿಕ್ಕಬೇಕಿಲ್ಲ. ಹಾಸಿ, ಮೆಲ್ಲಗೆ ತಟ್ಟಿ, ಎತ್ತಿದರೆ ಸಾಕು, ಸೆಳೆಯುವ ಕೆಲಸ ಸಂದುಗಳದ್ದು. ಒರೆಸುವ ಮೊದಲು, ತೊಳೆಯುವ ಕೊನೆಯಲ್ಲಿ ಪೈಪಿನ ಬಾಯಿಯ ನಳಿಕೆ ಕಳಚಿ ನೀರನ್ನು ಹಾಳೆಯಂತೆ ಇಳಿಬಿಟ್ಟರೆ ಹನಿಗಳು ತಮ್ಮಷ್ಟಕ್ಕೆ ಕೂಡಿಕೊಂಡು ಜಾರುತ್ತವೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಗೆಯುವುದರಲ್ಲಿ ನಮ್ಮ ಮನೆಯಲ್ಲೇ ಒಂದು ಅವಾಂತರ ಆಯಿತು. ಘಮ ಬರಲಿ ಎಂದು ಅಮ್ಮ ಕೊನೆಯ ನೀರಿಗೆ ಬಟ್ಟೆ ಮೆದುವಾಗಿಸುವ ದ್ರವ ಹಾಕಿದ್ದರು. ಮರುದಿನ ಟವೆಲ್ ನೀರನ್ನು ಅತ್ತಿಂದಿತ್ತ ತಳ್ಳಿತೇ ವಿನಾ ಹೀರಲಿಲ್ಲ. ಮೇಜಿನ ಮೇಲೆ ಹಾಸಿ ಬೆರಳ ತುದಿಯಿಂದ ಒಂದು ಹನಿ ಬಿಟ್ಟೆ. ಕೆಸುವಿನ ಎಲೆಯ ಮೇಲೆ ಕೂತಂತೆ ಮುತ್ತಿನ ಹಾಗೆ ಕೂತುಬಿಟ್ಟಿತು. ಆ ದ್ರವದ ಅಣುಗಳ ಒಂದು ತುದಿ ಎಳೆಗೆ ಅಂಟಿಕೊಳ್ಳುತ್ತದೆ, ಕೊಬ್ಬಿನ ಬಾಲ ಹೊರಗೆ ಚಾಚುತ್ತದೆ. ಸಂದುಗಳೆಲ್ಲ ಜಿಡ್ಡು. ದ್ರವ ಸೋಪು ಹಾಕಿ ಬೆಚ್ಚಗಿನ ನೀರಿನಲ್ಲಿ ಮೂರು ಸಲ ಒಗೆದ ಮೇಲೆ ಸುಮಾರಿಗೆ ಸರಿಹೋಯಿತು. ಗಡಸು ನೀರಿನ ಊರುಗಳಲ್ಲಿ ಬಾರ್ ಸೋಪೂ ಬೇಡ. ಕ್ಯಾಲ್ಸಿಯಂ ಜೊತೆ ಸೇರಿ ಅದು ಕಟ್ಟುವ ಬಿಳಿ ಗಸಿ ಎಳೆಗಳ ನಡುವೆಯೇ ಕೂರುತ್ತದೆ. ಹತ್ತಿ ಬಟ್ಟೆಗಳ ಜೊತೆ ಹಾಕಿದರೆ ಅವುಗಳ ಜುಂಗೆಲ್ಲ ಇದಕ್ಕೇ. ಪ್ರತಿ ಒಗೆತದಲ್ಲೂ ಇದರ ಎಳೆಗಳ ಚೂರು ನೀರಿಗೆ ಹೋಗುವುದೂ ಉಂಟು, ನಮ್ಮೂರಿನ ನೀರು ಹರಿದು ಸೇರುವುದು ಯಗಚಿಗೆ. ಅದಕ್ಕೇ ಬರೀ ನೀರು ಹಿಡಿದ ಟವೆಲ್ಲನ್ನು ನಾನು ಒಗೆಯುವುದಿಲ್ಲ, ಹಿಂಡಿ ಹರವುತ್ತೇನೆ.

ಆಷಾಢದಲ್ಲಿ ಹರವುವುದೆಲ್ಲಿಗೆ? ಮಲೆನಾಡಿನ ಮನೆಗಳಲ್ಲಿ ಒದ್ದೆ ಬಟ್ಟೆಗೆ ಬಚ್ಚಲೊಲೆಯೇ ಗತಿ. ಈ ಟವೆಲ್ಲಿಗೆ ಅದು ಬೇಡ. ಪಾಲಿಯೆಸ್ಟರ್ ಕರಗಲು 250 ಡಿಗ್ರಿ ಬೇಕು, ಆದರೆ 70-80 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತದೆ, ನವಿರಾದ ಎಳೆಗಳು ಮುರುಟುತ್ತವೆ. ಜಗಲಿಯ ಹಗ್ಗದ ಮೇಲೆ ಎರಡು ದಿನ, ಮುಗ್ಗಲು ವಾಸನೆ ಬಂದರೆ ಮತ್ತೊಂದು ಸಲ ಸೋಪು. ಹೇಗೂ ಆ ತಿಂಗಳು ಆತುರವಿಲ್ಲ. ಹೆಂಚಿನಿಂದ ಧೋ ಎಂದು ಸುರಿಯುವ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಭಾವನ ಮನೆಯಲ್ಲಿ ಅರ್ಧ ಗಂಟೆಗೆ ಉಂಗುರ ಕಟ್ಟಿದ ಅದೇ ಬಾನೆಟ್ ಇಲ್ಲಿ ದಿನವಿಡೀ ನೆನೆದು, ಯಾರೂ ಒರೆಸದೆಯೂ, ಕಪ್ಪಗೇ ಇರುತ್ತದೆ.