ಲಾರ್ಡ್ ಮೇಯರ್: ಲಂಡನ್ ಮೇಯರ್ ಅಲ್ಲದ ಮೇಯರ್

ಪ್ರತಿ ನವೆಂಬರ್‌ನಲ್ಲೂ ಇದು ಆಗುತ್ತದೆ. ಚಿನ್ನದ ಬಣ್ಣದ ಸಾರೋಟು, ಕೆಂಪು ನಿಲುವಂಗಿ, ಕೊರಳಲ್ಲಿ ದಪ್ಪ ಸರ, ರಸ್ತೆಯ ಎರಡೂ ಬದಿ ಜನ. ಫೋಟೊದ ಕೆಳಗೆ ‘ಲಂಡನ್ ಮೇಯರ್ ಮೆರವಣಿಗೆ’ ಎಂದು ಬರೆದಿರುತ್ತಾರೆ. ಅಲ್ಲ. ಸಾರೋಟಿನಲ್ಲಿ ಕೂತವರು ಲಂಡನ್ ಮೇಯರ್ ಅಲ್ಲ, ಲಾರ್ಡ್ ಮೇಯರ್. ಈಚೆಗೆ ಓದಿದ ಒಂದು ಬರಹದಲ್ಲಂತೂ ಲಂಡನ್ ಮೇಯರ್ ಸಾದಿಕ್ ಖಾನ್ ಅವರು ‘800 ವರ್ಷ ಹಳೆಯ ಹುದ್ದೆ’ಯಲ್ಲಿದ್ದಾರೆ ಎಂದಿತ್ತು. ಅವರ ಹುದ್ದೆಗೆ ಮೊದಲ ಚುನಾವಣೆ ನಡೆದದ್ದೇ 2000ದಲ್ಲಿ. ಇದನ್ನು ಒಮ್ಮೆ ಬಿಡಿಸಿ ಬರೆಯಲೇಬೇಕು ಅನ್ನಿಸಿತು.

ಮೊದಲು ಪದ. ಲ್ಯಾಟಿನ್‌ನ ‘ಮಾಯೊರ್’ ಎಂದರೆ ‘ಇನ್ನೂ ದೊಡ್ಡ’. ಅದು ಫ್ರೆಂಚರ ಬಾಯಲ್ಲಿ ‘ಮೇರ್’ ಆಗಿ, ಅಲ್ಲಿಂದ ಇಂಗ್ಲಿಷ್‌ಗೆ ಬಂದು ‘ಮೇಯರ್’ ಆಯಿತು. ಸೈನ್ಯದ ‘ಮೇಜರ್’ ಕೂಡ ಇದೇ ಬೇರಿನದು. ಈ ಪದದೊಳಗೆ ಊರು ಎಲ್ಲೂ ಇಲ್ಲ, ಇರುವುದು ದೊಡ್ಡಸ್ತಿಕೆ ಮಾತ್ರ. ನಮ್ಮ ‘ಮಹಾಪೌರ’ದಲ್ಲಿ ಊರು ಇದೆ: ಪುರದವನು ಪೌರ, ಪೌರರಲ್ಲಿ ದೊಡ್ಡವನು ಮಹಾಪೌರ. ಎಷ್ಟು ಚೆಂದದ ಪದ! ಇನ್ನೊಂದು ಖುಷಿಯ ವಿಷಯವೂ ಇದೆ. ‘ಮಾಯೊರ್’ ಹುಟ್ಟಿದ್ದು ‘ಮಾಗ್ನುಸ್’ ಎಂಬ ಲ್ಯಾಟಿನ್ ಪದದಿಂದ. ಆ ಮಾಗ್ನುಸ್ ಮತ್ತು ಸಂಸ್ಕೃತದ ‘ಮಹತ್’ ಒಂದೇ ಮೂಲದವು. ಹಾಗಾಗಿ ಮೇಯರ್‌ಗೂ ಮಹಾಪೌರದ ‘ಮಹಾ’ಕ್ಕೂ ದೂರದ ನೆಂಟಸ್ತಿಕೆ ಉಂಟು.

‘ಲಾರ್ಡ್’ ಎಂಬುದನ್ನು ದಯವಿಟ್ಟು ‘ಪ್ರಭು’ ಎಂದು ಅನುವಾದ ಮಾಡಬೇಡಿ. ಅದು ಹುದ್ದೆಗೆ ಅಂಟಿಕೊಂಡ ಗೌರವದ ಮಾತು, ಹದಿನಾರನೇ ಶತಮಾನದ ಹೊತ್ತಿಗೆ ರೂಢಿಯಾಯಿತು. ಲಾರ್ಡ್ ಮೇಯರ್ ಆದ ಮಾತ್ರಕ್ಕೆ ಯಾರೂ ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಗುವುದಿಲ್ಲ. ವರ್ಷ ಮುಗಿದರೆ ಹುದ್ದೆಯೂ ಇಲ್ಲ, ಈ ‘ಲಾರ್ಡ್’ ಕೂಡ ಇಲ್ಲ.

ಆದರೆ ಗೊಂದಲದ ಬೇರು ‘ಲಾರ್ಡ್’ನಲ್ಲಿ ಇಲ್ಲ, ‘ಸಿಟಿ’ಯಲ್ಲಿದೆ. ಇಂಗ್ಲಿಷಿನವರು ದೊಡ್ಡಕ್ಷರದಲ್ಲಿ ‘ಸಿಟಿ’ ಎಂದು ಬರೆದರೆ ಅದು ಒಂದು ನಿರ್ದಿಷ್ಟ ಜಾಗ. ರೋಮನ್ನರು ಗೋಡೆ ಕಟ್ಟಿದ ಹಳೆಯ ಲಂಡನ್. ವಿಸ್ತೀರ್ಣ ಮೂರು ಚದರ ಕಿಲೋಮೀಟರ್ ಕೂಡ ಇಲ್ಲ. ಸೇಂಟ್ ಪಾಲ್ಸ್ ಕೆಥೆಡ್ರಲ್, ಬ್ಯಾಂಕ್ ಆಫ್ ಇಂಗ್ಲೆಂಡ್ ಇರುವುದು ಅದರೊಳಗೆ. ಬಕಿಂಗ್‌ಹ್ಯಾಮ್ ಅರಮನೆಯಾಗಲಿ, ಪಾರ್ಲಿಮೆಂಟ್ ಆಗಲಿ ಅದರೊಳಗೆ ಇಲ್ಲ. 2021ರ ಜನಗಣತಿಯಲ್ಲಿ ಅಲ್ಲಿ ಮನೆ ಮಾಡಿಕೊಂಡಿದ್ದವರು ಹತ್ತು ಸಾವಿರಕ್ಕೂ ಕಡಿಮೆ, ದಿನಾ ಕೆಲಸಕ್ಕೆ ಬಂದು ಹೋಗುವವರು ಲಕ್ಷಗಟ್ಟಲೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ‘ಲಂಡನ್ ನಗರದ ಮೇಯರ್’ ಎಂದು ಬರೆದ ಕೂಡಲೇ ಮೂರು ಚದರ ಕಿಲೋಮೀಟರ್ ಒಳಗಿನ ಸಿಟಿ ಮತ್ತು ಸುಮಾರು 1,570 ಚದರ ಕಿಲೋಮೀಟರಿನ ಮಹಾನಗರ ಎರಡೂ ಒಂದೇ ಆಗಿಬಿಡುತ್ತವೆ. ಸುಮ್ನೆ ‘ಸಿಟಿ ಆಫ್ ಲಂಡನ್‌ನ ಲಾರ್ಡ್ ಮೇಯರ್’ ಎಂದು ಪೂರ್ತಿ ಬರೆದರೆ ಮುಗಿಯಿತು. ಎರಡು ಪದ ಜಾಸ್ತಿ, ಅಷ್ಟೇ.

ಇಡೀ ಮಹಾನಗರಕ್ಕೆ ಇರುವವರು ‘ಲಂಡನ್ ಮೇಯರ್’. 1998ರಲ್ಲಿ ಜನಮತ ಕೇಳಿ, 1999ರಲ್ಲಿ ಕಾನೂನು ಮಾಡಿ, 2000ದಲ್ಲಿ ಚುನಾವಣೆ ನಡೆಸಿ ಮಾಡಿದ ಹುದ್ದೆ ಅದು. ಕೆನ್ ಲಿವಿಂಗ್‌ಸ್ಟನ್, ಬೋರಿಸ್ ಜಾನ್ಸನ್, ಸಾದಿಕ್ ಖಾನ್, ಇಲ್ಲಿಯವರೆಗೆ ಮೂರೇ ಜನ. ಬಸ್ಸು, ಮೆಟ್ರೊ, ಪೊಲೀಸ್ ಬಜೆಟ್ಟು ಎಲ್ಲ ಅವರ ಕೈಯಲ್ಲಿ. ಸಿಟಿಗೆ ಮಾತ್ರ ಅದರದೇ ಪೊಲೀಸ್ ಪಡೆ ಇದೆ.

ಎರಡನೇ ತಪ್ಪು ನನಗೆ ಜಾಸ್ತಿ ಬೇಜಾರು ತರಿಸುವಂಥದ್ದು. ಲಾರ್ಡ್ ಮೇಯರ್ ಬೇರೆ ಎಂದು ಗೊತ್ತಿದ್ದವರು ಕೂಡ ‘ಅದೆಲ್ಲ ನಾಮಕಾವಾಸ್ತೆ, ಬರೀ ಉತ್ಸವಮೂರ್ತಿ’ ಎಂದು ಮುಗಿಸಿಬಿಡುತ್ತಾರೆ. ಉತ್ಸವಮೂರ್ತಿ ಎಂದರೆ ನಾನು ಒಪ್ಪುತ್ತೇನೆ, ಆದರೆ ಆ ಪದದ ನಿಜವಾದ ಅರ್ಥದಲ್ಲಿ. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ. ಹೊರಗೆ ಬಂದು, ಬೀದಿ ಸುತ್ತಿ, ಜನರಿಗೆ ಮುಖ ತೋರಿಸುವುದು ಉತ್ಸವಮೂರ್ತಿಯ ಪಾಲಿನ ಕೆಲಸ. ಅದೂ ಕೆಲಸವೇ ಅಲ್ವಾ? ಲಂಡನ್‌ನಲ್ಲಿ ಅದು ಕೆಲಸ ಮಾತ್ರವಲ್ಲ, ರಾಜ ಹಾಕಿದ ಷರತ್ತು.

1215ರ ಕಥೆ ಕೇಳಿ. ಕಿಂಗ್ ಜಾನ್‌ಗೂ ಅವನ ಸಾಮಂತರಿಗೂ ಜಗಳ ಜೋರಾಗಿತ್ತು. ಲಂಡನ್‌ನ ವ್ಯಾಪಾರಿಗಳನ್ನು ತನ್ನ ಕಡೆ ಉಳಿಸಿಕೊಳ್ಳಬೇಕಿತ್ತು. ಮೇಯರ್ ಎಂಬ ಹುದ್ದೆ ಅದಕ್ಕೆ ಮೊದಲೇ ಇತ್ತು. ಹೆನ್ರಿ ಫಿಟ್ಜ್-ಐಲ್ವಿನ್ ಮೊದಲ ಮೇಯರ್, 1189ರಿಂದ ಎಂದು ಲೆಕ್ಕ. 1212ರಲ್ಲಿ ಸಾಯುವ ತನಕ ಅವನೇ ಇದ್ದ. ಜಾನ್ 1215ರ ಮೇ 9ರಂದು ಒಂದು ಸನ್ನದು ಕೊಟ್ಟ: ಇನ್ನು ಮುಂದೆ ನಿಮ್ಮ ಮೇಯರನ್ನು ವರ್ಷವರ್ಷವೂ ನೀವೇ ಆರಿಸಿಕೊಳ್ಳಿ, ಆದರೆ ಆರಿಸಿದವನನ್ನು ನನ್ನ ಮುಂದೆ, ನಾನಿಲ್ಲದಿದ್ದರೆ ನನ್ನ ನ್ಯಾಯಾಧಿಕಾರಿಯ ಮುಂದೆ ತಂದು ನಿಲ್ಲಿಸಿ, ಅವನು ನಿಷ್ಠೆಯ ಪ್ರಮಾಣ ಮಾಡಬೇಕು. ಇಷ್ಟು ಕೊಟ್ಟರೂ ಅವನಿಗೆ ಲಾಭ ಆಗಲಿಲ್ಲ. ಮೇ 17ಕ್ಕೆ ಲಂಡನ್ ಸಾಮಂತರ ಕೈ ಸೇರಿತು. ಮುಂದಿನ ತಿಂಗಳು ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನ ಕಾರ್ಟ ಬಂತು. ಅದು ಜಾರಿಯಾಗುವಂತೆ ನೋಡಿಕೊಳ್ಳಲು ಆರಿಸಿದ 25 ಜನರಲ್ಲಿ ಲಂಡನ್ ಮೇಯರ್ ಕೂಡ ಒಬ್ಬ. ಜಾನ್ ಮರುವರ್ಷವೇ ಸತ್ತ. ಆ ಷರತ್ತು ಮಾತ್ರ ಇವತ್ತಿಗೂ ಬದುಕಿದೆ.

ಮೆರವಣಿಗೆ ಎಂದರೆ ಅದೇ. ಹೊಸ ಲಾರ್ಡ್ ಮೇಯರ್ ಪ್ರಮಾಣ ಮಾಡಲು ಹೋಗುವ ದಾರಿ. ಸಿಟಿಯ ಗಡಿ ದಾಟಿ, ಸ್ಟ್ರ್ಯಾಂಡ್ ರಸ್ತೆಯಲ್ಲಿರುವ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ಗೆ ಹೋಗಿ, ಹಿರಿಯ ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಮರಳಬೇಕು. ಆ ಸಾರೋಟು 1757ರದ್ದು, ಎಳೆಯಲು ಆರು ಕುದುರೆ ಬೇಕು. ಮೊದಲು ಅಕ್ಟೋಬರ್ 29ಕ್ಕೆ ಹೊರಡುತ್ತಿದ್ದರು. 1752ರಲ್ಲಿ ಬ್ರಿಟನ್ ತನ್ನ ಕ್ಯಾಲೆಂಡರಿನಿಂದ 11 ದಿನ ತೆಗೆದುಹಾಕಿದಾಗ ಅದು ನವೆಂಬರ್ 9 ಆಯಿತು. 1959ರಿಂದ ನವೆಂಬರ್‌ನ ಎರಡನೇ ಶನಿವಾರ. ದಿನ ಬದಲಾದರೂ ಪ್ರಮಾಣ ತಪ್ಪಿಲ್ಲ.

ಹಿಂದಿನ ದಿನ ಸಿಟಿಯ ಆಡಳಿತ ಭವನವಾದ ಗಿಲ್ಡ್‌ಹಾಲ್‌ನಲ್ಲಿ ನಡೆಯುವ ಹಸ್ತಾಂತರ ನನಗೆ ಮೆರವಣಿಗೆಗಿಂತ ಇಷ್ಟ. ಅದಕ್ಕೆ ‘ಸೈಲೆಂಟ್ ಸೆರಿಮನಿ’ ಎಂದೇ ಹೆಸರು. ಹಳಬರು ಹೊಸಬರಿಗೆ ಕತ್ತಿ, ದಂಡ, ಮೊಹರು ಒಪ್ಪಿಸುತ್ತಾರೆ. ಹೊಸಬರು ಓದುವ ಒಂದು ಪ್ರತಿಜ್ಞೆ ಬಿಟ್ಟರೆ ಯಾರೂ ಮಾತಾಡುವುದಿಲ್ಲ. ಭಾಷಣ ಇಲ್ಲದೆ ಅಧಿಕಾರ ಕೈಬದಲಾಗುತ್ತದೆ.

ಆಯ್ಕೆಯ ರೀತಿಯೂ ಹಳೆಯದೇ. ಸೆಪ್ಟೆಂಬರ್ 29ರಂದು ಅಕ್ಕಸಾಲಿಗರು, ದರ್ಜಿಗಳು, ಮೀನು ವ್ಯಾಪಾರಿಗಳು ಮುಂತಾದ ನೂರಕ್ಕೂ ಹೆಚ್ಚು ಕಸುಬು ಸಂಘಗಳ ಸದಸ್ಯರು ಗಿಲ್ಡ್‌ಹಾಲ್‌ನಲ್ಲಿ ಸೇರುತ್ತಾರೆ. ನಿಲ್ಲುವವರು ವಾರ್ಡಿನಿಂದ ಆರಿಸಿಬಂದ ಹಿರಿಯ ಪ್ರತಿನಿಧಿ, ಅಂದರೆ ಆಲ್ಡರ್‌ಮನ್ ಆಗಿರಬೇಕು, ಮೊದಲೇ ಲಾರ್ಡ್ ಮೇಯರ್ ಅವರಿಗೆ ನೆರವಾಗುವ ಶೆರಿಫ್ ಆಗಿ ಕೆಲಸ ಮಾಡಿರಬೇಕು. ಬೆಕ್ಕಿನಿಂದ ಅದೃಷ್ಟ ಖುಲಾಯಿಸಿದ ಬಡ ಹುಡುಗನ ಇಂಗ್ಲಿಷ್ ಕಥೆಯಿಂದ ಹೆಸರಾದ ಡಿಕ್ ವಿಟಿಂಗ್‌ಟನ್ ನಿಜವಾಗಿ ಬಟ್ಟೆ ವ್ಯಾಪಾರಿ, 1397ರಿಂದ 1420ರ ನಡುವೆ ನಾಲ್ಕು ಸಲ ಮೇಯರ್ ಆದವನು. ಬೆಕ್ಕು ಅವನು ಸತ್ತು ಬಹಳ ಕಾಲದ ಮೇಲೆ ಕಥೆಗೆ ಬಂತು.

ಹುದ್ದೆಗೆ ಸಂಬಳ ಇಲ್ಲ. ಸಿಟಿಯ ದಿನನಿತ್ಯದ ರಾಜಕೀಯವನ್ನು ಕಾರ್ಪೊರೇಷನ್ನಿನ ನೀತಿ ಸಮಿತಿಯ ಅಧ್ಯಕ್ಷರು ನೋಡಿಕೊಳ್ಳುತ್ತಾರೆ. ಲಾರ್ಡ್ ಮೇಯರ್ ಸಭೆಗಳ ಅಧ್ಯಕ್ಷತೆ ವಹಿಸುತ್ತಾರೆ, ತಮ್ಮ ಅಧಿಕೃತ ನಿವಾಸವಾದ ಮ್ಯಾನ್ಷನ್ ಹೌಸ್‌ನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಾರೆ. ವರ್ಷದ ಎಷ್ಟೋ ದಿನ ದೇಶದೇಶ ಸುತ್ತಿ ಬ್ರಿಟನ್ನಿನ ಹಣಕಾಸು ವ್ಯವಹಾರಕ್ಕೆ ಬಾಗಿಲು ತೆರೆಸುತ್ತಾರೆ. ಬೀದಿ ಸುತ್ತುವ ಕೆಲಸ ಎಂದೆನಲ್ಲ, ಇದೇ ಅದು.

‘ರಾಜನೂ ಸಿಟಿಯೊಳಗೆ ಬರಲು ಲಾರ್ಡ್ ಮೇಯರ್ ಅಪ್ಪಣೆ ಕೇಳಬೇಕು’ ಎಂಬುದು ಇನ್ನೊಂದು ಹರಡಿಕೊಂಡ ಮಾತು. ಉಲ್ಟಾ. ಟೆಂಪಲ್ ಬಾರ್ ಗಡಿಯಲ್ಲಿ ಲಾರ್ಡ್ ಮೇಯರ್ ಮುತ್ತಿನ ಕತ್ತಿಯನ್ನು ರಾಜನ ಮುಂದೆ ಒಪ್ಪಿಸುತ್ತಾರೆ. ರಾಜ ಮುಟ್ಟಿ ಹಿಂತಿರುಗಿಸುತ್ತಾನೆ. ‘ಇಲ್ಲೂ ನೀನೇ ದೊಡ್ಡವನು’ ಎಂದು ಒಪ್ಪಿಕೊಳ್ಳುವ ಕ್ರಮ ಅದು.

2025ರಿಂದ ಹೊಸದೊಂದು ಪದ ಬಂದಿದೆ, ಅದೂ ಕೆಡುವ ಮೊದಲೇ ಹೇಳಿಬಿಡುತ್ತೇನೆ. ಮೇರಿ ಡೊನಾಲ್ಡ್‌ಸನ್ 1983ರಲ್ಲಿ, ಫಿಯೋನಾ ವುಲ್ಫ್ 2013ರಲ್ಲಿ ಆ ಸ್ಥಾನಕ್ಕೆ ಬಂದರೂ ‘ಲಾರ್ಡ್ ಮೇಯರ್’ ಎಂದೇ ಕರೆಸಿಕೊಂಡರು. ಸೂಸನ್ ಲ್ಯಾಂಗ್ಲಿ ಮಾತ್ರ ‘ಲೇಡಿ ಮೇಯರ್’ ಎಂಬ ಹೆಸರು ಆರಿಸಿಕೊಂಡರು. ‘ಲೇಡಿ ಮೇಯರೆಸ್’ ಬೇರೆ, ಅದು ಲಾರ್ಡ್ ಮೇಯರ್ ಅವರ ಹೆಂಡತಿಗೆ ಹೇಳುವ ಮಾತು.

ಕೊನೆಗೆ, ನಮಗೆ ಹತ್ತಿರದ ಗೊಂದಲ. ಲಂಡನ್‌ನ 32 ಬರೋಗಳಲ್ಲಿ, ಅಂದರೆ ಸ್ಥಳೀಯ ಆಡಳಿತದ ಭಾಗಗಳಲ್ಲಿ, ಹೆಚ್ಚಿನವಕ್ಕೆ ಅವುಗಳದೇ ಮೇಯರ್ ಇದ್ದಾರೆ. ಅವರಲ್ಲೂ ಬಹುಪಾಲು ಒಂದು ವರ್ಷದ ಗೌರವದ ಹುದ್ದೆಯವರು. ವೆಸ್ಟ್‌ಮಿನ್‌ಸ್ಟರ್‌ನಲ್ಲಂತೂ 1966ರಿಂದ ಇನ್ನೊಬ್ಬ ಲಾರ್ಡ್ ಮೇಯರ್ ಇದ್ದಾರೆ. ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರು ಲ್ಯಾಂಬೆತ್ ಬರೋದ ಮೇಯರ್ ಆಗಿದ್ದವರು. ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು ಅವರ ಪ್ರಯತ್ನದಿಂದ. ಅವರನ್ನು ‘ಲಂಡನ್ನಿನ ಮಾಜಿ ಮೇಯರ್’ ಎಂದು ಬರೆದದ್ದನ್ನು ಎಷ್ಟೋ ಸಲ ಓದಿದ್ದೇನೆ. ‘ಲ್ಯಾಂಬೆತ್‌ನ ಮಾಜಿ ಮೇಯರ್’ ಎಂದರೆ ಗೌರವ ಒಂದು ಚೂರೂ ಕಡಿಮೆಯಾಗದು. ಆ ಪ್ರತಿಮೆಯನ್ನು ಪ್ರಧಾನಿ ಮೋದಿ ಅನಾವರಣ ಮಾಡಿದ್ದು 2015ರ ನವೆಂಬರ್ 14ರಂದು, ನವೆಂಬರ್‌ನ ಎರಡನೇ ಶನಿವಾರ. ಅದೇ ದಿನ ನದಿಯ ಆಚೆ ದಡದಲ್ಲಿ, ಜಾನ್ ಸನ್ನದು ಕೊಟ್ಟು 800 ವರ್ಷ ತುಂಬಿದ ವರ್ಷದ ಮೆರವಣಿಗೆ ಹೊರಟಿತ್ತು. ಸಾರೋಟಿನಲ್ಲಿ ಲಾರ್ಡ್ ಮೇಯರ್ ಜೆಫ್ರಿ ಮೌಂಟೆವಾನ್ಸ್. ಲ್ಯಾಂಬೆತ್‌ನಲ್ಲಿ ಮಾಜಿ ಮೇಯರ್ ನೀರಜ್ ಪಾಟೀಲ್. ಲಂಡನ್ ಮೇಯರ್ ಹುದ್ದೆಯಲ್ಲಿ ಆಗ ಇದ್ದವರು ಬೋರಿಸ್ ಜಾನ್ಸನ್.