ಟೈಗೆ ನಾಲ್ಕು ತಿರುವು, ಸ್ಕಾರ್ಫ್‌ಗೆ ಎರಡು ಗಂಟು

ಕ್ಯಾಮೆರಾ ಮುಂದೆ ನಿಲ್ಲುವವರಿಗೆ ಬಟ್ಟೆ ಹೊಂದಿಸಿ ಸಜ್ಜು ಮಾಡುವುದು ನನ್ನ ಕೆಲಸ. ಟೈ ಕಟ್ಟಿಕೊಡಿ ಅಂತ ಬರುವವರಲ್ಲಿ ಜಾಸ್ತಿ ಜನ ಮೊದಲು ಕೇಳುವುದು ಒಂದೇ: ‘ನನ್ನ ಮುಖಕ್ಕೆ ಯಾವ ಗಂಟು ಚೆನ್ನಾಗಿ ಕಾಣುತ್ತೆ?’ ನಾನು ಮುಖ ನೋಡುವುದೇ ಇಲ್ಲ. ಟೈಯನ್ನು ಎರಡು ಬೆರಳಿನ ನಡುವೆ ಹಿಸುಕಿ ನೋಡುತ್ತೇನೆ, ಆಮೇಲೆ ಅಂಗಿಯ ಕಾಲರ್ ನೋಡುತ್ತೇನೆ. ಬಟ್ಟೆ ದಪ್ಪಗಿದ್ದರೆ ಕಡಿಮೆ ತಿರುವಿನ ಗಂಟು. ತೆಳ್ಳಗಿದ್ದರೆ ಇನ್ನೊಂದೆರಡು ತಿರುವು. ಕಾಲರಿನ ಎರಡು ತುದಿಗಳು ಹತ್ತಿರ ಹತ್ತಿರ ಇದ್ದರೆ ಸಣ್ಣ ಗಂಟು, ದೂರ ಹರಡಿಕೊಂಡಿದ್ದರೆ ಆ ಜಾಗ ತುಂಬುವಷ್ಟು ದೊಡ್ಡದು. ಗಂಟಿನ ಪಕ್ಕದಲ್ಲಿ ಕುತ್ತಿಗೆಯ ಪಟ್ಟಿ ಇಣುಕಬಾರದು, ಗಂಟು ಕಾಲರಿನ ತುದಿಗಳನ್ನು ಮೇಲಕ್ಕೆ ಎತ್ತಲೂ ಬಾರದು. ಇಷ್ಟು ಗೊತ್ತಿದ್ದರೆ ಯಾವ ಗಂಟು ಅನ್ನುವ ಪ್ರಶ್ನೆ ಅರ್ಧ ಮುಗಿದ ಹಾಗೆ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನೂರಾರು ಹೆಸರು ಸಿಗುತ್ತವೆ. ಗಾಬರಿಯಾಗಬೇಡಿ. 1999ರಲ್ಲಿ ಕೇಂಬ್ರಿಡ್ಜಿನ ಇಬ್ಬರು ಭೌತವಿಜ್ಞಾನಿಗಳು, ಥಾಮಸ್ ಫಿಂಕ್ ಮತ್ತು ಯೋಂಗ್ ಮಾವೊ, ಇದನ್ನು ಲೆಕ್ಕ ಹಾಕಿಯೇಬಿಟ್ಟರು. ಟೈಯ ಅಗಲದ ತುದಿ ಎಡಕ್ಕೆ, ಬಲಕ್ಕೆ ಅಥವಾ ಕುತ್ತಿಗೆಯ ನಡುವಿಗೆ ಮಾತ್ರ ಹೋಗಬಹುದು, ತಿರುವುಗಳು ಒಂಬತ್ತನ್ನು ದಾಟಬಾರದು ಅಂತ ಇಟ್ಟುಕೊಂಡರೆ ಒಟ್ಟು 85 ಗಂಟು ಸಾಧ್ಯ ಎಂದು ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಅದರಲ್ಲಿ ನೋಡಲು ಚೆನ್ನಾಗಿರುವವು ಕೆಲವೇ ಕೆಲವು. ಆಮೇಲೆ ಬೇರೊಂದು ತಂಡ ನಿಯಮ ಸಡಿಲಿಸಿ, ಸಣ್ಣ ತುದಿಯಿಂದ ಕಟ್ಟುವ, ತುದಿಯನ್ನು ಹಲವು ಸಲ ಒಳಗೆ ಸಿಕ್ಕಿಸುವ ಅಲಂಕಾರದ ಗಂಟುಗಳನ್ನೂ ಸೇರಿಸಿ, ಸಂಖ್ಯೆಯನ್ನು 2,66,682ಕ್ಕೆ ಒಯ್ದಿತು. ಲೆಕ್ಕ ಬಲು ಚೆಂದ. ಆದರೆ ಬೆಳಗ್ಗೆ ಹೊತ್ತಾಗಿ ಕೆಲಸಕ್ಕೆ ಓಡುವವರಿಗೆ ಮೂರು ಗಂಟು ಬಂದರೆ ಸಾಕು, ನಿಜ ಹೇಳಬೇಕೆಂದರೆ ಒಂದು ಬಂದರೂ ಸಾಕು.

ಆ ಒಂದು ಅಂದರೆ ಫೋರ್ ಇನ್ ಹ್ಯಾಂಡ್. ಕಾಲರ್ ಎತ್ತಿ, ಮೇಲಿನ ಗುಂಡಿ ಹಾಕಿ, ಟೈಯನ್ನು ಕುತ್ತಿಗೆಗೆ ಹಾಕಿಕೊಳ್ಳಿ. ಅಗಲದ ತುದಿ ನಿಮ್ಮ ಬಲಗಡೆ ಇರಲಿ, ಸಣ್ಣ ತುದಿಗಿಂತ ಒಂದು ಗೇಣಿಗೂ ಸ್ವಲ್ಪ ಜಾಸ್ತಿ ಕೆಳಗೆ ಇಳಿದಿರಲಿ. ಈಗ ಅಗಲದ ತುದಿಯನ್ನು ಸಣ್ಣದರ ಮೇಲಿಂದ ಎಡಕ್ಕೆ ದಾಟಿಸಿ. ಅದರ ಹಿಂದಿನಿಂದ ಬಲಕ್ಕೆ ತನ್ನಿ. ಮತ್ತೆ ಮುಂದಿನಿಂದ ಎಡಕ್ಕೆ. ಈಗ ಕುತ್ತಿಗೆಯ ಹತ್ತಿರ ಕೆಳಗಿನಿಂದ ಮೇಲಕ್ಕೆ ತೂರಿಸಿ ಹೊರಗೆ ತೆಗೆಯಿರಿ. ಕೊನೆಗೆ, ಮುಂದೆ ಅಡ್ಡಕ್ಕೆ ಬಂದಿರುವ ಪಟ್ಟಿಯ ಒಳಗೆ ಇಳಿಸಿ ಎಳೆಯಿರಿ. ಅಷ್ಟೇ. ಗಂಟು ಸ್ವಲ್ಪ ಒಂದು ಕಡೆ ವಾಲುತ್ತದೆ. ವಾಲಲಿ ಬಿಡಿ, ಅದರ ಗುಣವೇ ಅದು. ಅದನ್ನು ನೆಟ್ಟಗೆ ಮಾಡಲು ಹೋಗಿ ಇಡೀ ದಿನ ಗಂಟನ್ನು ಹಿಂಡುತ್ತಾ ಕೂರುವವರನ್ನು ನೋಡಿದರೆ ನನಗೆ ಕೈ ತುರಿಸುತ್ತದೆ.

ಎರಡೂ ಕಡೆ ಸಮ ಇರಲೇಬೇಕು ಅನ್ನುವವರಿಗೆ ಹಾಫ್ ವಿಂಡ್ಸರ್. ಮೊದಲ ಎರಡು ತಿರುವು ಅದೇ: ಮೇಲಿಂದ ಎಡಕ್ಕೆ, ಹಿಂದಿನಿಂದ ಬಲಕ್ಕೆ. ಅಲ್ಲಿಂದ ಅಗಲದ ತುದಿಯನ್ನು ಮೇಲೆತ್ತಿ, ಕುತ್ತಿಗೆಯ ಪಟ್ಟಿಯ ಮೇಲಿಂದ ಒಳಗೆ ಇಳಿಸಿ ಎಡಗಡೆಗೆ ತೆಗೆಯಿರಿ. ಈಗ ಮುಂದಿನಿಂದ ಬಲಕ್ಕೆ ದಾಟಿಸಿ, ಕೆಳಗಿನಿಂದ ಕುತ್ತಿಗೆಯ ಮೂಲಕ ಮೇಲಕ್ಕೆ, ಆಮೇಲೆ ಮುಂದಿನ ಪಟ್ಟಿಯೊಳಗೆ. ಇದರಲ್ಲಿ ಕುತ್ತಿಗೆಯ ಪಟ್ಟಿಯನ್ನು ಒಂದು ಕಡೆ ಮಾತ್ರ ಸುತ್ತುತ್ತೇವೆ. ಎರಡೂ ಕಡೆ ಸುತ್ತಿದರೆ ಪೂರ್ತಿ ವಿಂಡ್ಸರ್. ಅದು ದಪ್ಪ ತ್ರಿಕೋನ. ತೆಳ್ಳನೆಯ ರೇಷ್ಮೆ ಟೈ, ಅಗಲಕ್ಕೆ ಹರಡಿದ ಕಾಲರ್, ಎರಡೂ ಇದ್ದರೆ ಮಾತ್ರ ಅದರ ತಂಟೆಗೆ ಹೋಗಿ. ಉಣ್ಣೆ ಟೈಗೋ ಹೆಣೆದ ಟೈಗೋ ವಿಂಡ್ಸರ್ ಕಟ್ಟಿದರೆ ಗಂಟಲಲ್ಲಿ ಏನೋ ಊದಿಕೊಂಡ ಹಾಗೆ ಕಾಣುತ್ತದೆ.

ಇಲ್ಲೊಂದು ತಮಾಷೆ ಇದೆ. ಯಾರ ಹೆಸರಿನಲ್ಲಿ ಈ ಗಂಟು ಮೆರೆಯುತ್ತಿದೆಯೋ ಆ ಡ್ಯೂಕ್ ಆಫ್ ವಿಂಡ್ಸರ್, ಅಂದರೆ ಪಟ್ಟ ಬಿಟ್ಟುಕೊಟ್ಟ ಬ್ರಿಟನ್ನಿನ ರಾಜ ಎಂಟನೇ ಎಡ್ವರ್ಡ್, ಅದನ್ನು ಕಟ್ಟುತ್ತಲೇ ಇರಲಿಲ್ಲ. ಒಳಪದರ ದಪ್ಪ ಇಟ್ಟು ಟೈ ಹೊಲಿಸಿಕೊಂಡು, ಮೇಲೆ ಹೇಳಿದ ಸಾದಾ ಫೋರ್ ಇನ್ ಹ್ಯಾಂಡನ್ನೇ ಕಟ್ಟುತ್ತಿದ್ದರು. ಗಂಟು ದೊಡ್ಡದಾಗಿ ಕಾಣುತ್ತಿದ್ದುದು ಬಟ್ಟೆಯಿಂದ. ಜನ ಅದೇ ಗಾತ್ರ ತರಲು ತಿರುವುಗಳನ್ನು ಹೆಚ್ಚಿಸಿದರು.

ಟೈಯನ್ನು ತಿರುಗಾಮುರುಗಾ ಹಾಕಿ ಶುರು ಮಾಡುವ ಗಂಟುಗಳೂ ಇವೆ. ಹೊಲಿಗೆ ಕಾಣುವ ಬದಿ ಹೊರಗಿರುತ್ತದೆ. ಇದರ ಹಿಂದೆ ಸುಲಭದ ಲೆಕ್ಕವಿದೆ. ಪ್ರತಿ ತಿರುವಿಗೂ ಅಗಲದ ತುದಿಯ ಒಳಮೈ ಹೊರಮೈ ಅದಲು ಬದಲಾಗುತ್ತದೆ. ಕುತ್ತಿಗೆಯ ನಡುವಿಗೆ ಏರಿಸುವುದು ಒಂದು ತಿರುವು, ಅಲ್ಲಿಂದ ಪಕ್ಕಕ್ಕೆ ತೆಗೆಯುವುದು ಇನ್ನೊಂದು. ಕೊನೆಯಲ್ಲಿ ಇಳಿಸುವುದನ್ನು ಬಿಟ್ಟು ಎಣಿಸಿ: ಫೋರ್ ಇನ್ ಹ್ಯಾಂಡ್‌ಗೆ ನಾಲ್ಕು, ಹಾಫ್ ವಿಂಡ್ಸರ್‌ಗೆ ಆರು, ವಿಂಡ್ಸರ್‌ಗೆ ಎಂಟು. ಸಮ ಸಂಖ್ಯೆಯಾದರೆ ಸರಿ ಬದಿಯಿಂದ ಶುರು. ಬೆಸವಾದರೆ ಉಲ್ಟಾ ಶುರು. ಪ್ರ್ಯಾಟ್ ಗಂಟಿಗೆ ಐದು ತಿರುವು, ಅದಕ್ಕೇ ಉಲ್ಟಾ. ಅಗಲದ ತುದಿಯನ್ನು ಸಣ್ಣದರ ಅಡಿಯಿಂದ ಎಡಕ್ಕೆ ದಾಟಿಸಿ, ಮೇಲೆತ್ತಿ ಕುತ್ತಿಗೆಯ ಪಟ್ಟಿಯೊಳಗೆ ಇಳಿಸಿ ಅದೇ ಎಡಗಡೆಗೆ ತಂದು ಬಿಗಿ ಮಾಡಿ. ಆಮೇಲೆ ಮುಂದಿನಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ, ಪಟ್ಟಿಯೊಳಗೆ ಕೆಳಕ್ಕೆ. ಸಮವಾಗಿ ಕೂರುತ್ತದೆ, ಹಾಫ್ ವಿಂಡ್ಸರ್‌ಗಿಂತ ಕಡಿಮೆ ಉದ್ದ ನುಂಗುತ್ತದೆ. ಎತ್ತರದವರಿಗೂ ಹೊಟ್ಟೆ ಸ್ವಲ್ಪ ಮುಂದಿರುವವರಿಗೂ ನಾನು ಇದನ್ನೇ ಹೇಳುವುದು.

ಉದ್ದದ ಮಾತು ಬಂತಲ್ಲ, ನನ್ನ ಪ್ರಕಾರ ಗಂಟಿಗಿಂತ ಮುಖ್ಯ ಇದೇ. ಅಗಲದ ತುದಿಯ ಮೂತಿ ಬೆಲ್ಟಿನ ಬಕಲ್ ಮುಟ್ಟಬೇಕು. ಅದಕ್ಕಿಂತ ಮೇಲೆ ನಿಂತರೆ ಶಾಲೆ ಹುಡುಗನ ಟೈ, ಕೆಳಗಿಳಿದರೆ ಜೋಲು. ಸಾಮಾನ್ಯವಾಗಿ ಟೈ 145ರಿಂದ 150 ಸೆಂಟಿಮೀಟರ್ ಉದ್ದ ಇರುತ್ತದೆ, ನಾವು ಮಾತ್ರ ಒಂದೇ ಅಳತೆಯಲ್ಲಿ ಹುಟ್ಟಿಲ್ಲ. ಹಾಗಾಗಿ ಕುಳ್ಳಗಿರುವವರಿಗೆ ಜಾಸ್ತಿ ತಿರುವಿನ ಗಂಟು ಅನುಕೂಲ, ಮಿಕ್ಕ ಉದ್ದ ಗಂಟಿನಲ್ಲೇ ಖರ್ಚಾಗುತ್ತದೆ. ಉದ್ದ ಸರಿ ಬರಲಿಲ್ಲ ಅಂತ ದಿನಾ ಮೂರು ಸಲ ಕಟ್ಟಿ ಬಿಚ್ಚುವವರಿಗೆ ಒಂದು ಉಪಾಯ. ಕಟ್ಟಲು ಶುರು ಮಾಡುವ ಮೊದಲು ಸಣ್ಣ ತುದಿ ಅಂಗಿಯ ಎಷ್ಟನೇ ಗುಂಡಿಯ ಹತ್ತಿರ ಬಂದಿದೆ ನೋಡಿ. ಉದ್ದ ಸರಿ ಬಂದ ದಿನ ಆ ಗುಂಡಿಯನ್ನು ನೆನಪಿಟ್ಟುಕೊಳ್ಳಿ. ಅದೇ ಟೈ, ಅದೇ ಗಂಟು, ಅದೇ ಗುಂಡಿ. ಇನ್ನು ಯೋಚನೆಯೇ ಬೇಡ.

ಗಂಟಿನ ಕೆಳಗೆ ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅದು ತಾನಾಗಿ ಬೀಳುವುದಿಲ್ಲ. ಬಿಗಿ ಮಾಡುವ ಹೊತ್ತಿಗೆ ತೋರುಬೆರಳನ್ನು ಗಂಟಿನ ಕೆಳಗೆ ನಡುವೆ ಒತ್ತಿ, ಹೆಬ್ಬೆರಳು ಮತ್ತು ನಡುಬೆರಳಿನಿಂದ ಎರಡೂ ಅಂಚುಗಳನ್ನು ಹಿಂಡಿ ಹಿಡಿದು ಎಳೆಯಬೇಕು. ಆಮೇಲೆ ಒಂದು ಕೈಯಲ್ಲಿ ಸಣ್ಣ ತುದಿ ಹಿಡಿದು, ಇನ್ನೊಂದು ಕೈಯಲ್ಲಿ ಗಂಟನ್ನು ಮೇಲಕ್ಕೆ ಜಾರಿಸಿ. ಗಂಟನ್ನು ಮೇಲೆ ತಂದು ಆಮೇಲೆ ಗುಳಿ ಮಾಡಲು ಹೋದರೆ ಆಗುವುದಿಲ್ಲ.

ಎಷ್ಟು ಬಿಗಿ? ಕಾಲರಿನ ಒಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ಇದು ಬರೀ ಆರಾಮದ ಮಾತಲ್ಲ. ಬಿಗಿಯಾದ ಟೈ ಕಣ್ಣಿನೊಳಗಿನ ಒತ್ತಡವನ್ನು ಏರಿಸುತ್ತದೆ ಎಂದು 2003ರಲ್ಲಿ ಒಂದು ಅಧ್ಯಯನ ಹೇಳಿತ್ತು. 2018ರಲ್ಲಿ ಜರ್ಮನಿಯ ಕೀಲ್‌ನಲ್ಲಿ, ಸ್ವಲ್ಪ ಹಿಂಸೆ ಅನಿಸುವಷ್ಟು ಬಿಗಿಯಾಗಿ ವಿಂಡ್ಸರ್ ಕಟ್ಟಿಕೊಂಡ ಗಂಡಸರನ್ನು ಸ್ಕ್ಯಾನ್ ಮಾಡಿ ನೋಡಿದಾಗ ಮಿದುಳಿಗೆ ಹರಿಯುವ ರಕ್ತ ಸರಾಸರಿ ಶೇ 7.5ರಷ್ಟು ಕಡಿಮೆಯಾಗಿತ್ತು. ಹೆದರಬೇಕಾಗಿಲ್ಲ, ಆರೋಗ್ಯವಂತರಿಗೆ ಇದರಿಂದ ಏನೂ ಆಗಿಬಿಡುವುದಿಲ್ಲ. ಆದರೆ ಟೈ ಹಾಕಿದರೆ ಉಸಿರು ಕಟ್ಟುತ್ತೆ ಅನ್ನುವವರ ಕಾಲರ್ ನೋಡಿದರೆ, ಎಷ್ಟೋ ಸಲ ತಪ್ಪು ಟೈಯದಲ್ಲ, ಅಂಗಿಯದು. ಕುತ್ತಿಗೆ ದಪ್ಪವಾಗಿದೆ, ಅಂಗಿ ಹಳೇ ಅಳತೆಯದು. ಟೈ ಸಡಿಲ ಮಾಡುವ ಬದಲು ಮೇಲಿನ ಗುಂಡಿಯನ್ನು ಸ್ವಲ್ಪ ಹೊರಕ್ಕೆ ಸರಿಸಿ ಹೊಲಿಸಿ.

ಬಿಚ್ಚುವಾಗ ಮಾತ್ರ ದಯವಿಟ್ಟು ಸಣ್ಣ ತುದಿಯನ್ನು ಗಂಟಿನಿಂದ ಸರ್ರನೆ ಎಳೆದು ತೆಗೆಯಬೇಡಿ. ಟೈ ಬಟ್ಟೆಯನ್ನು ನೂಲಿಗೆ ನೇರವಾಗಿ ಕತ್ತರಿಸಿರುವುದಿಲ್ಲ, 45 ಡಿಗ್ರಿ ಓರೆಗೆ ಕತ್ತರಿಸಿರುತ್ತಾರೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಈ ಓರೆ ಕತ್ತರಿಕೆಗೆ, ಮೂರು ತುಂಡು ಸೇರಿಸಿ ಹೊಲಿಯುವ ಕ್ರಮಕ್ಕೆ ಪೇಟೆಂಟ್ ಪಡೆದರು. ಬಟ್ಟೆ ಹಿಗ್ಗಿ, ಮತ್ತೆ ತನ್ನ ಆಕಾರಕ್ಕೆ ಬರುವುದು ಅದರಿಂದಲೇ. ಹಿಂಭಾಗದಲ್ಲಿ ಉದ್ದಕ್ಕೂ ಓಡುವ ಸಡಿಲ ದಾರವೂ ಅದಕ್ಕೇ ಇರುವುದು. ತುದಿಯಲ್ಲಿ ಅದರ ಕುಣಿಕೆ ಇಣುಕುತ್ತಿದ್ದರೆ ‘ಎಳೆ ಬಿಟ್ಟಿದೆ’ ಅಂತ ಕತ್ತರಿಸಿಬಿಡಬೇಡಿ. ಕಟ್ಟಿದ ಹಾದಿಯಲ್ಲೇ ಹಿಂದೆ ಹೋಗಿ ಬಿಚ್ಚಿ, ಒಂದು ದಿನ ತೂಗು ಹಾಕಿ. ಹೆಣೆದ ಟೈ ಮಾತ್ರ ತೂಗು ಹಾಕಿದರೆ ಜಗ್ಗಿಹೋಗುತ್ತದೆ, ಅದನ್ನು ಸುರುಳಿ ಸುತ್ತಿಡಿ. ಬಿಸಿ ಇಸ್ತ್ರಿಯನ್ನು ನೇರವಾಗಿ ಯಾವುದರ ಮೇಲೂ ಇಡಬೇಡಿ. ಅಂಚು ಚಪ್ಪಟೆಯಾದರೆ ಆ ಟೈಗೆ ಮತ್ತೆ ಜೀವ ಬರುವುದಿಲ್ಲ. ಹಬೆ ಸಾಕು.

ಬೋ ಟೈ ಬಗ್ಗೆ ಒಂದೇ ಮಾತು: ಶೂ ಲೇಸ್ ಕಟ್ಟುವ ಗಂಟೇ ಅದು, ಕುತ್ತಿಗೆಯಲ್ಲಿ ಕಟ್ಟುತ್ತೇವೆ ಅಷ್ಟೇ. ಕನ್ನಡಿ ನೋಡದೆ ಕಟ್ಟಿ, ಬೇಗ ಬರುತ್ತದೆ.

ಇನ್ನು ಸ್ಕಾರ್ಫ್. ಟೈಗೆ ಒಂದೇ ಆಕಾರ, ಸ್ಕಾರ್ಫ್‌ಗೆ ಹತ್ತಾರು. ಹಾಗಾಗಿ ಇಲ್ಲಿ ಮೊದಲು ಅಳತೆ ನೋಡಬೇಕು. ಎರ್ಮೆಸ್ ಕಂಪನಿ 1937ರಲ್ಲಿ ತಂದ 90 ಸೆಂಟಿಮೀಟರ್ ಚೌಕದ ರೇಷ್ಮೆ ಸ್ಕಾರ್ಫ್ ಎಷ್ಟು ಹೆಸರು ಮಾಡಿತೆಂದರೆ, ಇವತ್ತಿಗೂ ಚೌಕದ ಸ್ಕಾರ್ಫ್ ಅಂದರೆ ಹೆಚ್ಚುಕಡಿಮೆ ಅದೇ ಅಳತೆ. ಈ ಗಾತ್ರದ್ದನ್ನು ಪಟ್ಟಿ ಮಾಡುವ ಕ್ರಮ ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಎದುರು ಬದುರು ಇರುವ ಎರಡು ಮೂಲೆಗಳನ್ನು ನಡುವಿಗೆ ಮಡಚಿ. ಎರಡೂ ಬದಿಯನ್ನು ಮತ್ತೆ ನಡುವಿಗೆ ಮಡಚಿ. ನಾಲ್ಕು ಬೆರಳಗಲ ಆಗುವ ತನಕ ಹೀಗೇ ಮಾಡಿ. ಓರೆಗೆ ಬರುವುದರಿಂದ ಪಟ್ಟಿ ಉದ್ದವೂ ಆಗುತ್ತದೆ, ಕುತ್ತಿಗೆಗೆ ಮೆತ್ತಗೆ ಕೂರುತ್ತದೆ. ನೇರ ಅಂಚಿನಿಂದ ಮಡಚಿದರೆ ಕುಳ್ಳ ಪಟ್ಟಿ, ಗಡುಸು.

ರೇಷ್ಮೆ ಜಾರುತ್ತದೆ ಅನ್ನುವ ದೂರು ಎಲ್ಲರದ್ದೂ. ಜಾರುವುದಕ್ಕೆ ರೇಷ್ಮೆ ಅರ್ಧ ಕಾರಣ, ಇನ್ನರ್ಧ ಗಂಟು. ನಾವು ಕೈ ಬಂದ ಹಾಗೆ ಬಲದ್ದನ್ನು ಎಡದ ಮೇಲೆ ಹಾಕಿ ಕಟ್ಟಿ, ಮತ್ತೆ ಬಲದ್ದನ್ನೇ ಎಡದ ಮೇಲೆ ಹಾಕಿ ಕಟ್ಟುತ್ತೇವೆ. ಅದು ತಿರುಚಿಕೊಂಡು ನಿಲ್ಲುವ ಗಂಟು, ತುದಿಗಳು ಒಂದು ಮೇಲಕ್ಕೆ ಒಂದು ಕೆಳಕ್ಕೆ ನಿಗುರುತ್ತವೆ, ಸ್ವಲ್ಪ ಹೊತ್ತಿಗೆ ಬಿಚ್ಚುತ್ತದೆ. ಮೊದಲು ಬಲದ್ದು ಎಡದ ಮೇಲೆ, ಎರಡನೇ ಸಲ ಎಡದ್ದು ಬಲದ ಮೇಲೆ. ಈಗ ಗಂಟು ಚಪ್ಪಟೆಯಾಗಿ ಮಲಗುತ್ತದೆ, ತುದಿಗಳು ಎರಡು ಪಕ್ಕಕ್ಕೆ ನೀಟಾಗಿ ಹೋಗುತ್ತವೆ, ಗಾಯಕ್ಕೆ ತ್ರಿಕೋನದ ಬಟ್ಟೆ ಕಟ್ಟಲು ಪ್ರಥಮ ಚಿಕಿತ್ಸೆಯಲ್ಲಿ ಕಲಿಸುವುದೂ ಇದನ್ನೇ. ನನ್ನ ಕೇಳಿದರೆ ಸ್ಕಾರ್ಫ್ ಕಟ್ಟುವವರು ಬೇರೆ ಏನು ಕಲಿಯದಿದ್ದರೂ ಇದೊಂದನ್ನು ಕಲಿಯಬೇಕು. ಪಿನ್ನು ಚುಚ್ಚುವ ಪ್ರಮೇಯವೇ ಬರುವುದಿಲ್ಲ. ಪಿನ್ನಿನ ತೂತು ರೇಷ್ಮೆಯಲ್ಲಿ ಹಾಗೇ ಉಳಿಯುತ್ತದೆ ಅಲ್ವಾ.

ಚೌಕದ್ದನ್ನು ಕತ್ತಿನ ಮುಂದೆ ನೆರಿಗೆ ನೆರಿಗೆಯಾಗಿ ಇಳಿಬಿಡಬೇಕಾ? ಸ್ಕಾರ್ಫಿನ ಉಲ್ಟಾ ಬದಿಯಲ್ಲಿ ನಟ್ಟನಡುವಿನ ಬಟ್ಟೆಯನ್ನು ಚಿಮಟಿ ಹಿಡಿದು ಅದಕ್ಕೇ ಒಂದು ಪುಟ್ಟ ಗಂಟು ಹಾಕಿ. ಸರಿ ಬದಿ ಹೊರಗೆ ಮಾಡಿ, ಎರಡು ಎದುರು ಮೂಲೆಗಳನ್ನು ಕತ್ತಿನ ಹಿಂದೆ ಕಟ್ಟಿ. ಮುಂದೆ ಬಟ್ಟೆ ತಾನಾಗಿ ಅಲೆ ಅಲೆಯಾಗಿ ಬೀಳುತ್ತದೆ. ಗಂಟು ಯಾರಿಗೂ ಕಾಣುವುದಿಲ್ಲ.

ಉದ್ದನೆಯ ಸ್ಕಾರ್ಫ್ ಅಥವಾ ಮಫ್ಲರ್ ಇದ್ದರೆ ಎಲ್ಲರಿಗೂ ಗೊತ್ತಿರುವುದು ಎರಡಾಗಿ ಮಡಚಿ ಕುತ್ತಿಗೆಗೆ ಹಾಕಿ, ಒಂದು ಕಡೆಯ ಕುಣಿಕೆಯೊಳಗೆ ಇನ್ನೊಂದು ಕಡೆಯ ಎರಡು ತುದಿ ತೂರಿಸುವ ಕ್ರಮ. ಬೆಚ್ಚಗಿರುತ್ತದೆ, ಆದರೆ 180 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತುದಿಗಳು ಎದೆಯ ಮೇಲೆ ಮೊಂಡಾಗಿ ನಿಲ್ಲುತ್ತವೆ. ಇದನ್ನೇ ಸ್ವಲ್ಪ ಬದಲಿಸಬಹುದು. ಒಂದು ತುದಿಯನ್ನು ಮಾತ್ರ ಕುಣಿಕೆಯೊಳಗೆ ಮೇಲಿನಿಂದ ಹಾಕಿ, ಕುಣಿಕೆಯನ್ನು ಒಂದು ಸಲ ತಿರುಚಿ, ಎರಡನೆಯದನ್ನು ಕೆಳಗಿನಿಂದ ತೂರಿಸಿ. ಹೆಣೆದ ಹಾಗೆ ಕಾಣುತ್ತದೆ, ಜಾರುವುದೂ ಇಲ್ಲ. ಕೋಟಿನ ಒಳಗೆ ಹಾಕುವುದಾದರೆ ಇದೆಲ್ಲ ಬೇಡ. ಕುತ್ತಿಗೆಗೆ ಹಾಕಿ, ಎರಡು ತುದಿಯನ್ನು ಎದೆಯ ಮೇಲೆ ಒಂದರ ಮೇಲೊಂದು ದಾಟಿಸಿ, ಸುಮ್ನೆ ಕೋಟ್ ಗುಂಡಿ ಹಾಕಿ. ಮತ್ತೆ, ಮೇಲೆ ಹೇಳಿದ ನಾಲ್ಕು ತಿರುವಿನ ಟೈ ಗಂಟನ್ನು ಸ್ಕಾರ್ಫಿಗೂ ಸಡಿಲವಾಗಿ ಕಟ್ಟಬಹುದು. ತೆಳ್ಳನೆಯ ಹತ್ತಿ ಸ್ಕಾರ್ಫ್‌ಗೆ ಅದು ಬಹಳ ಒಪ್ಪುತ್ತದೆ.

ಚಲಿಸುವ ಯಂತ್ರದ ಹತ್ತಿರ ಮಾತ್ರ ಇದ್ಯಾವುದೂ ಬೇಡ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡದ್ದು, ಕುತ್ತಿಗೆಗೆ ಸುತ್ತಿದ್ದ ಉದ್ದನೆಯ ಸ್ಕಾರ್ಫ್ ತೆರೆದ ಕಾರಿನ ಚಕ್ರಕ್ಕೆ ಸಿಕ್ಕಿ. ಬೈಕಿನಲ್ಲಿ ಹೋಗುವಾಗ, ಎಸ್ಕಲೇಟರ್ ಹತ್ತುವಾಗ, ಮಕ್ಕಳು ಆಟದ ಮೈದಾನಕ್ಕೆ ಹೋಗುವಾಗ ತುದಿಗಳನ್ನು ಒಳಗೆ ಸಿಕ್ಕಿಸಿ, ಇಲ್ಲವೇ ತೆಗೆದೇ ಇಡಿ. ಕಾವಲು ಕೆಲಸದವರು, ಯಂತ್ರಗಳ ನಡುವೆ ಓಡಾಡುವವರು ಕ್ಲಿಪ್ ಟೈ ಹಾಕುವುದನ್ನು ನೋಡಿ ‘ಕಟ್ಟೋಕೆ ಬರಲ್ವಾ’ ಅಂತ ಆಡಿಕೊಳ್ಳುವವರಿದ್ದಾರೆ. ಎಳೆದರೆ ಕಳಚಿ ಕೈಗೆ ಬರಲಿ ಅಂತಲೇ ಅವರು ಅದನ್ನು ಹಾಕುವುದು.