ನಂಬರಿದ್ದರೆ ಸಾಕಾ ಸಾವುಕಾರ್ರೆ?

ಫೋನ್ ಎತ್ತಿದ ಕೂಡಲೇ ಬೋಟಿನ ಮಾಲೀಕರು ಕೇಳುವ ಪ್ರಶ್ನೆ, "ನೋಂದಣಿ ನಂಬರಿದೆ, ಲೈಸೆನ್ಸಿಗೆ ಫೀಸು ಎಷ್ಟಾಗ್ತದೆ?" ಬೋಟು ಯಾವ ನೀರಿಗೆ ಹೋಗುತ್ತದೆ, ಯಾವ ಕೆಲಸಕ್ಕೆ ಹೋಗುತ್ತದೆ ಅಂತ ಹೇಳದೆ ಫೀಸು ಕೇಳಿದರೆ ನಾನೇನು ಹೇಳಲಿ? ಬೋಟುಗಳ ಕಾಗದಪತ್ರ ಮಾಡಿಸಿಕೊಡುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಗಂಟಲು ಒಣಗುವಷ್ಟು ಸಲ ಹೇಳಿದ್ದೇನೆ: ನೋಂದಣಿ ಬೇರೆ, ಮೀನು ಹಿಡಿಯುವ ಲೈಸೆನ್ಸ್ ಬೇರೆ.

ಐಎನ್‌ಡಿ-ಕೆಎ ಅಂತ ಶುರುವಾಗುವ ನೋಂದಣಿ ನಂಬರು ಬೋಟು ಯಾರದು, ಎಲ್ಲಿಯದು ಎಂದು ಹೇಳುತ್ತದೆ. ಅಷ್ಟೇ. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ತನಕ ಮೀನುಗಾರಿಕೆಗೆ ಆಯಾ ರಾಜ್ಯದ್ದೇ ಕಾನೂನು. ನಮ್ಮಲ್ಲಿ 1986ರ ಕಾಯ್ದೆ, ಕೇರಳದಲ್ಲಿ 1980ರದ್ದು. ಮಲ್ಪೆಯ ಬೋಟು ಕಾಸರಗೋಡಿನ ಎದುರು ಬಲೆ ಬಿಡಬೇಕಾದರೆ ಕೇರಳದ ಲೈಸೆನ್ಸ್ ಬೇಕು. ಅಲ್ಲಿಂದ ಬಂದವರು ಇಲ್ಲಿ ಬಿಡಬೇಕಾದರೆ ನಮ್ಮದು.

"ನೀರಿಗೆ ಗೆರೆ ಎಳೀಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದು ಒಬ್ಬ ತಂಡೇಲರು, ಅಂದರೆ ಬೋಟು ನಡೆಸುವವರು, ನಕ್ಕಿದ್ದರು. ಮರುತಿಂಗಳು ಅವರ ಬೋಟು ಎರಡು ವಾರ ಪಕ್ಕದ ರಾಜ್ಯದ ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ನಿಂತಿತ್ತು. ಜಿಪಿಎಸ್‌ನಲ್ಲಿ ಗೆರೆ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಈಗ ಇನ್ನೊಂದು ಶುರುವಾಗಿದೆ. ರಜೆಗೆ ಬಂದವರನ್ನು ಗಾಳ ಹಾಕಲು ಕರೆದುಕೊಂಡು ಹೋಗಿ ತಲೆಗಿಷ್ಟು ಅಂತ ತೆಗೆದುಕೊಳ್ಳುವುದು. ಆಸೆ ನನಗೂ ಅರ್ಥವಾಗುತ್ತದೆ. ಡೀಸೆಲ್ ಖರ್ಚೂ ಹುಟ್ಟದ ದಿನಗಳೇ ಜಾಸ್ತಿ. ಆದರೆ 1958ರ ಹಡಗು ಕಾಯ್ದೆ ಬರೆದವರು ಮೀನುಗಾರಿಕೆ ಬೋಟು ಎಂದರೆ ಲಾಭಕ್ಕಾಗಿ ಸಮುದ್ರದಲ್ಲಿ ಮೀನುಗಾರಿಕೆ 'ಮಾತ್ರ' ಮಾಡುವ ಬೋಟು ಎಂದೇ ಹೇಳಿದ್ದರು. ಆ 'ಮಾತ್ರ' ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆ ಹೊಡೆದ ಹಾಗೆ ಇದು. ದುಡ್ಡು ತೆಗೆದುಕೊಂಡು ಜನರನ್ನು ಕೂರಿಸುವುದಾದರೆ ಸರ್ವೆ, ವಿಮೆ, ಫೀಸು ಎಲ್ಲದರ ಲೆಕ್ಕ ಬದಲಾಗುತ್ತದೆ. ಹನ್ನೆರಡಕ್ಕಿಂತ ಜಾಸ್ತಿ ಪ್ರಯಾಣಿಕರು ಹತ್ತಿದರೆ ಕಾನೂನು ಅದನ್ನು ಪ್ರಯಾಣಿಕರ ಹಡಗು ಎಂದೇ ನೋಡುತ್ತದೆ.

ನನ್ನ ಪರಿಚಯದವರ ಬೋಟಿನಲ್ಲಿ ಪ್ರವಾಸಿಯೊಬ್ಬರ ಅಂಗೈಗೆ ಗಾಳ ಚುಚ್ಚಿತು. ಗಾಯ ಸಣ್ಣದಲ್ಲ. ಕ್ಲೇಮಿಗೆ ಹೋದರೆ ವಿಮೆಯವರು ಕೇಳಿದ್ದು, "ಇವರು ನಿಮ್ಮ ಕಲಾಸಿಯಾ?" ಅಂದರೆ ಬೋಟಿನ ಕೆಲಸದವರಾ ಅಂತ. ಬೋಟಿನವರು ಹೌದು ಅನ್ನಲೂ ಆಗದೆ, ಅಲ್ಲ ಅನ್ನಲೂ ಆಗದೆ ಸುಮ್ನೆ ಎದ್ದು ಬಂದರು. ಆಸ್ಪತ್ರೆಯ ಬಿಲ್ಲು ಕೈಯಿಂದ ಕಟ್ಟಿದರು.

ಫೀಸಿನ ವಿಷಯಕ್ಕೆ ಬಂದರೆ, ಅದು ಬೋಟಿನ ಉದ್ದ, ಎಂಜಿನ್, ಬಲೆಯ ಬಗೆ ಇಂಥವನ್ನೆಲ್ಲ ನೋಡಿ ನಿಗದಿಯಾಗುತ್ತದೆ. ಹೊರರಾಜ್ಯದ ಬೋಟಿಗೆ ದರ ಬೇರೆ ಇರಬಹುದು. ಆಗಾಗ ಬದಲಾಗುತ್ತದೆ ಕೂಡ. ಹಾಗಾಗಿ ನನ್ನ ಬಾಯಿಂದ ಅಂಕಿ ತೆಗೆಸಬೇಡಿ, ಅರ್ಜಿ ಹಾಕುವ ದಿನ ಇಲಾಖೆಯಲ್ಲೇ ಕೇಳಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಟ್ರಾಲ್ ಬೋಟುಗಳು (ಬಲೆ ಎಳೆದುಕೊಂಡು ಹೋಗುವವು) ಹೇಗೂ ದಕ್ಕೆಯಲ್ಲೇ ಇರುತ್ತವೆ. ಆಗ ಬನ್ನಿ, ಕೂತು ಮಾತಾಡೋಣ. ಆಗಸ್ಟ್ 1ರ ಬೆಳಗ್ಗೆ ಐಸ್ ತುಂಬಿಸಿ, ಎಂಜಿನ್ ಶುರು ಮಾಡಿ, ಆಮೇಲೆ ನನಗೆ ಫೋನ್ ಮಾಡಬೇಡಿ.